ಮಳೆಗಾಲದ ತೋಟಕ್ಕೆ ಒಂದೇ ಸೆಲ್ ಸಾಕಾಗುವ ಹಾಗೆ ಮಾಡಿದ್ದು

ತೀರ್ಥಹಳ್ಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ನಂಬಿ ಕೂರುವ ಹಾಗಿಲ್ಲ. ಮೋಡ ಸಾಲದು ಅಂತ ಅಡಿಕೆ ಸೋಗೆಯ ನೆರಳು ಬೇರೆ. ಆದರೆ ತೋಟ ಎಷ್ಟು ಹೊತ್ತು ಒದ್ದೆ ಇತ್ತು, ಥಂಡಿ ಎಷ್ಟಿತ್ತು ಅಂತ ಗೊತ್ತಾಗಬೇಕಾದ್ದು ಆಗಲೇ, ಕೊಳೆರೋಗದ ಕಾಲ ಅಲ್ವಾ. ಅದಕ್ಕೇ ಸೋಲಾರ್ ಬಿಟ್ಟು ಒಂದು 18650 ಸೆಲ್‌ನಲ್ಲೇ (ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ) ಸೆನ್ಸರ್ ಓಡಿಸಿದೆ.

ಕೋಡ್ ಮುಟ್ಟುವ ಮೊದಲು ಮಲ್ಟಿಮೀಟರ್ ಹಿಡಿದೆ. ಸೆನ್ಸರ್ ನಡೆಸುವ ಇಎಸ್‌ಪಿ32 ಚಿಪ್ ಡೀಪ್ ಸ್ಲೀಪ್‌ನಲ್ಲಿ, ಅಂದರೆ ಗಾಢ ನಿದ್ದೆಯಲ್ಲಿದ್ದಾಗ, ಸುಮಾರು 10 ಮೈಕ್ರೋಆಂಪ್ ಎಳೆಯುತ್ತದೆ. ಅದು ಚಿಪ್ಪಿನ ಲೆಕ್ಕ, ಬೋರ್ಡಿನದಲ್ಲ. ಡೆವಲಪ್‌ಮೆಂಟ್ ಬೋರ್ಡಿನ ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್, ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಯಾವುದಕ್ಕೂ ನಿದ್ದೆ ಇಲ್ಲ. ಬೋರ್ಡ್ ಸುಮ್ನೆ ಕೂತು 10 ಮಿಲಿಆಂಪ್ ತಿಂದರೆ 2,000 ಎಂಎಎಚ್ ಸೆಲ್ 200 ಗಂಟೆಗೆ ಖಾಲಿ, ಅಂದರೆ ವಾರ ದಾಟಿ ಒಂದೆರಡು ದಿನ. ಹಾಗಾಗಿ ಬರೀ ಮಾಡ್ಯೂಲ್ ತಂದು, ಕಡಿಮೆ ಕರೆಂಟ್ ಎಳೆಯುವ ರೆಗ್ಯುಲೇಟರ್ ಹಾಕಿ, ಸೆನ್ಸರ್‌ಗೆ ಓದುವ ಹೊತ್ತಿನಲ್ಲಿ ಮಾತ್ರ ಮಾಸ್ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಮೂಲಕ ಕರೆಂಟ್ ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಮುಗಿಯಿತು.

ಉಳಿದದ್ದು ರೇಡಿಯೊ. ವೈಫೈ ತೋಟದ ತಗ್ಗಿಗೆ ತಲುಪುವುದೂ ಇಲ್ಲ, ಕಳಿಸುವಾಗ 200 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ಕಡಿಮೆ ಕರೆಂಟ್‌ನಲ್ಲಿ ಚಿಕ್ಕ ಸಂದೇಶಗಳನ್ನು ದೂರ ಕಳಿಸುವ ಲೋರಾ ರೇಡಿಯೊ ಹಾಕಿದೆ, ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಇಲ್ಲಿ ಜನ ಸಿಗ್ನಲ್ ಸಿಗಲಿ ಅಂತ ಸ್ಪ್ರೆಡಿಂಗ್ ಫ್ಯಾಕ್ಟರ್ (ಹೆಚ್ಚಿಸಿದಷ್ಟೂ ದೂರ ತಲುಪುವ, ಆದರೆ ನಿಧಾನವಾಗುವ ಸೆಟ್ಟಿಂಗ್) 12ಕ್ಕೆ ಇಟ್ಟು ಮರೆತುಬಿಡುತ್ತಾರೆ. ಆಗ ಚಿಕ್ಕ ಸಂದೇಶಕ್ಕೂ ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಒಂದೊಂದು ಮೆಟ್ಟಿಲು ಇಳಿಸಿದಾಗಲೂ ಆ ಸಮಯ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ನಾನು ಮನೆ ಕಡೆಯ ಆಂಟೆನಾವನ್ನು ಮಾಡಿನ ಮೇಲಕ್ಕೆ ಏರಿಸಿ 9ಕ್ಕೆ ಇಳಿಸಿದೆ. ಮನೆಯದ್ದು ಇನ್ವರ್ಟರ್ ಕರೆಂಟ್, ಅದು ಇಡೀ ದಿನ ಕಿವಿ ತೆರೆದಿದ್ದರೂ ಚಿಂತೆಯಿಲ್ಲ.

ಹದಿನೈದು ನಿಮಿಷಕ್ಕೊಮ್ಮೆ ಓದಿ ಚಿಪ್ ಮಲಗಿದರೂ ಅಳಿಸಿಹೋಗದ ಆರ್‌ಟಿಸಿ ಮೆಮೊರಿಯಲ್ಲಿಟ್ಟು, ಗಂಟೆಗೊಮ್ಮೆ ಒಟ್ಟಿಗೆ ಕಳಿಸುತ್ತದೆ. 'ತಲುಪಿತು' ಅನ್ನುವ ಉತ್ತರಕ್ಕೆ ಕಾಯುವುದನ್ನೂ ತೆಗೆದೆ, ಕೇಳಿಸಿಕೊಳ್ಳುತ್ತ ಕೂರುವುದಕ್ಕೂ 10 ಮಿಲಿಆಂಪ್‌ಗೆ ಕಡಿಮೆಯಿಲ್ಲ. ಒಂದು ಗಂಟೆಯ ಲೆಕ್ಕ ತಪ್ಪಿದರೆ ಅಡಿಕೆಗೇನೂ ಆಗುವುದಿಲ್ಲ.

ಇನ್ನೊಂದು, ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಿ, ಬೋರ್ಡಿಗೆ ವಾರ್ನಿಶ್ ಬಳಿಯಿರಿ, ತೇವ ಕೂತರೂ ಕರೆಂಟ್ ಸೋರುತ್ತದೆ. ಸಂದೇಶದ ಜೊತೆ ಬ್ಯಾಟರಿ ವೋಲ್ಟೇಜೂ ಬರುವ ಹಾಗೆ ಮಾಡಿದ್ದೇನೆ. 3.4 ವೋಲ್ಟ್‌ಗೆ ಇಳಿದರೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನವೇ ಸೆಲ್ ಬದಲಿಸಿ ಬರುತ್ತೇನೆ.