ಎರಡನೆಯ ರ‍್ಯಾಮ್ ಸ್ಟಿಕ್‌ಗೆ ಸರಿಯಾದ ಸ್ಲಾಟ್ ಹುಡುಕಿದ್ದು

ನನ್ನ ಡೆಸ್ಕ್‌ಟಾಪ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರದ ಕಾರಣ ಅದು ರ‍್ಯಾಮನ್ನೇ ಹಂಚಿಕೊಳ್ಳಬೇಕಾಗುತ್ತದೆ. 8 ಜಿಬಿಯ ಒಂದೇ ಡಿಡಿಆರ್4-3200 ಸ್ಟಿಕ್ (ಡಿಡಿಆರ್4 ಮೆಮೊರಿಯ ತಲೆಮಾರು, 3200 ಅದರ ವೇಗ) ಇದ್ದಾಗ ವಿಡಿಯೊ ಎಡಿಟಿಂಗ್‌ನ ಪ್ರಿವ್ಯೂ ತಡೆದು ತಡೆದು ಓಡುತ್ತಿತ್ತು. ಹಾಗಾಗಿ ಬಳಸದೆ ಉಳಿದಿದ್ದ ಇನ್ನೊಂದು ಯಂತ್ರದಿಂದ 8 ಜಿಬಿಯ ಡಿಡಿಆರ್4-2666 ಸ್ಟಿಕ್ ತೆಗೆದು ಇದಕ್ಕೆ ಸೇರಿಸಿದೆ. ಎರಡೂ ಡಿಡಿಆರ್4 ಎಂಬುದನ್ನು ಲೇಬಲ್ ನೋಡಿ ಖಚಿತಪಡಿಸಿಕೊಂಡಿದ್ದೆ. ಡಿಡಿಆರ್3 ಆಗಿದ್ದರೆ ಪಿನ್‌ಗಳ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಸ್ಲಾಟ್‌ನಲ್ಲಿ ಕೂರುತ್ತಲೇ ಇರಲಿಲ್ಲ.

ಯಂತ್ರ 16 ಜಿಬಿ ತೋರಿಸಿತು, ಆದರೆ ಪ್ರಿವ್ಯೂ ಮೊದಲಿಗಿಂತಲೂ ನಿಧಾನವಾಯಿತು. ಯಂತ್ರದ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದು ಮೆಮೊರಿ ವಿಭಾಗ ನೋಡಿದರೆ ಚಾನೆಲ್ (ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ದತ್ತಾಂಶ ಸಾಗುವ ದಾರಿ) ಎಂಬಲ್ಲಿ ಸಿಂಗಲ್ ಎಂದೇ ಇತ್ತು. ಮದರ್‌ಬೋರ್ಡಿನ ಕೈಪಿಡಿಯ ಪ್ರಕಾರ ಪ್ರೊಸೆಸರ್ ಕಡೆಯಿಂದ ಸ್ಲಾಟ್‌ಗಳು ಎ1, ಎ2, ಬಿ1, ಬಿ2 ಎಂಬ ಕ್ರಮದಲ್ಲಿದ್ದವು. ಹಳೆಯ ಸ್ಟಿಕ್ ಎ2ರಲ್ಲಿತ್ತು, ಹೊಸದನ್ನು ನಾನು ಪಕ್ಕದ ಎ1ಕ್ಕೆ ಹಾಕಿದ್ದೆ. ಎ ಮತ್ತು ಬಿ ಎರಡು ಬೇರೆ ಚಾನೆಲ್‌ಗಳಾದ್ದರಿಂದ ಎರಡೂ ಸ್ಟಿಕ್‌ಗಳು ಒಂದೇ ಚಾನೆಲ್‌ನಲ್ಲಿ ಸೇರಿಕೊಂಡಿದ್ದವು. ಅದರ ಮೇಲೆ, ಪ್ರತಿ ಸ್ಟಿಕ್‌ನ ಎಸ್‌ಪಿಡಿ ಚಿಪ್‌ನಲ್ಲಿರುವ ವೇಗದ ವಿವರಗಳನ್ನು ಓದುವ ಬೋರ್ಡ್ ಎರಡಕ್ಕೂ ಒಗ್ಗುವ 2666 ಅನ್ನೇ ಆರಿಸಿಕೊಂಡಿತ್ತು. 64 ಬಿಟ್‌ಗಳ ಒಂದು ಚಾನೆಲ್ 3200ರಲ್ಲಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು, 2666ರಲ್ಲಿ ಸುಮಾರು 21.3 ಜಿಬಿ ಮಾತ್ರ. ಮೆಮೊರಿಯ ಗಾತ್ರ ಇಮ್ಮಡಿಯಾಗಿದ್ದರೂ ದತ್ತಾಂಶ ಹರಿಯುವ ದಾರಿ ಕಿರಿದಾಗಿತ್ತು.

ವಿದ್ಯುತ್ ತಂತಿ ಕಳಚಿ, ಕೇಸಿನ ಲೋಹವನ್ನೊಮ್ಮೆ ಮುಟ್ಟಿ, ಹೊಸ ಸ್ಟಿಕ್ಕನ್ನು ಬಿ2ರಲ್ಲಿಟ್ಟು ತುದಿಯ ಕೊಂಡಿ ಟಕ್ಕೆಂದು ಮುಚ್ಚುವವರೆಗೆ ಒತ್ತಿದೆ. ಈ ಬಾರಿ ಡ್ಯುಯಲ್ ಎಂದು ಬಂತು. ಅದೇ 2666ರಲ್ಲಿ ಎರಡು ಚಾನೆಲ್‌ಗಳ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ ಸುಮಾರು 42.6 ಜಿಬಿ. ಪ್ರಿವ್ಯೂ ತಡವರಿಸುವುದು ಬಹುಮಟ್ಟಿಗೆ ನಿಂತಿತು. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಇಷ್ಟು ವ್ಯತ್ಯಾಸ ಕಾಣುವುದು ಅಪರೂಪ, ಬರಹ ಮತ್ತು ಬ್ರೌಸಿಂಗ್‌ನಲ್ಲಂತೂ ಗೊತ್ತಾಗುವುದೇ ಇಲ್ಲ.

ಆಸೆಯಿಂದ, ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ವೇಗವನ್ನು 3200ಕ್ಕೆ ಏರಿಸಿಯೂ ನೋಡಿದೆ. ವಿಂಡೋಸ್ ಸರಾಗವಾಗಿಯೇ ತೆರೆದುಕೊಂಡಿತು, ಆದರೆ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಎರಡನೆಯ ಸುತ್ತಿನಲ್ಲಿ ಕೆಂಪು ಸಾಲುಗಳಲ್ಲಿ ದೋಷ ತೋರಿಸತೊಡಗಿತು. ಇಂಥ ದೋಷ ಯಂತ್ರವನ್ನು ನಿಲ್ಲಿಸದೆಯೇ ಉಳಿಸುತ್ತಿರುವ ಫೈಲನ್ನು ಸದ್ದಿಲ್ಲದೆ ಕೆಡಿಸಬಲ್ಲದು. ಆದ್ದರಿಂದ 2666ಕ್ಕೇ ಮರಳಿ, ರಾತ್ರಿಯಿಡೀ ನಾಲ್ಕು ಸುತ್ತು ಪರೀಕ್ಷೆ ನಡೆಸಿ, ಒಂದೂ ದೋಷವಿಲ್ಲವೆಂದು ಕಂಡ ಬಳಿಕವೇ ಕೇಸಿನ ಮುಚ್ಚಳ ಹಾಕಿದೆ.