ಹಳೆ ಮಾರುತಿ 800: ಮುಗಿಯದ ರಿಪೇರಿಯನ್ನು ಮನೆಯಲ್ಲೇ ನಿಭಾಯಿಸುವುದು ಹೇಗೆ?

ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ತೀರಾ ಹೊಸ 800ಕ್ಕೂ ಈಗ ಹತ್ತು ವರ್ಷ ದಾಟಿದೆ. ನಮ್ಮ ಮನೆಯಲ್ಲಿರುವುದು 1998ರ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. ಇಂಥ ಕಾರು ಇಟ್ಟುಕೊಂಡವರಿಗೆಲ್ಲ ಒಂದು ವಿಷಯ ಗೊತ್ತು: ಒಂದನ್ನು ಸರಿಮಾಡಿದರೆ ಇನ್ನೊಂದು ಎದ್ದು ಕೂರುತ್ತದೆ. ಅದಕ್ಕೆ ಕಾರಣವೂ ಇದೆ. ಹೋಸ್, ಸೀಲ್, ವೈರ್ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ರೇಡಿಯೇಟರ್‌ಗೆ ಹೊಸ ಮುಚ್ಚಳ ಹಾಕಿದರೆ ಒತ್ತಡ ಸರಿಯಾಗುತ್ತದೆ, ಆ ಒತ್ತಡ ತಾಳದೆ ಹಳೆ ಹೋಸ್ ಸೀಳುತ್ತದೆ. ಆದ್ದರಿಂದ ಕೆಟ್ಟದ್ದರ ಹಿಂದೆ ಓಡುವುದು ಬೇಡ. ಕೆಡುವ ಮೊದಲೇ ಒಂದು ಕ್ರಮದಲ್ಲಿ ನಾವೇ ಹೋಗಬೇಕು.

ಮೊದಲು ಪಟ್ಟಿ, ಆಮೇಲೆ ಸ್ಪ್ಯಾನರ್

ಒಂದು ನೋಟ್‌ಬುಕ್ ಇಡಿ. ತಾರೀಖು, ಕಿಲೋಮೀಟರ್, ಏನು ಬದಲಾಯಿಸಿದಿರಿ ಎಂದು ಬರೆಯಿರಿ. ಬಾಕಿ ಕೆಲಸಗಳಿಗೂ ಒಂದು ಪುಟ ಇರಲಿ. ಬ್ರೇಕ್ ಅಥವಾ ಸ್ಟಿಯರಿಂಗ್ ದೋಷ, ಪೆಟ್ರೋಲ್ ಸೋರಿಕೆ ಇದ್ದರೆ ಗಾಡಿ ಹೊರಗೆ ತೆಗೆಯಬಾರದು. ಕೂಲಿಂಗ್, ಬ್ಯಾಟರಿ, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಸುವ ಪಟ್ಟಿ) ನಡುದಾರಿಯಲ್ಲಿ ಕೈಕೊಡುವಂಥವು. ಅವು ಈ ತಿಂಗಳೇ ಆಗಬೇಕು. ಕಿಟಕಿ ಹ್ಯಾಂಡಲ್, ಸೀಟಿನ ಬಟ್ಟೆ ಕಾಯಬಹುದು. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ. ಎರಡು ಭಾಗ ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತು ಎಂದು ತಿಳಿಯುವುದೇ ಇಲ್ಲ, ಅಲ್ವಾ?

ಇನ್ನೊಂದು ಮಾತು. ಗಾಡಿ ಜೊತೆ ಬರುವ ಜಾಕ್ ಟೈರ್ ಬದಲಿಸಲು ಮಾತ್ರ. ಅದನ್ನೇ ನಂಬಿ ಕಾರಿನಡಿ ತೂರಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಎರಡು ಜಾಕ್ ಸ್ಟ್ಯಾಂಡ್ (ಎತ್ತಿದ ಕಾರಿಗೆ ಆಧಾರ ಕೊಡುವ ಕಬ್ಬಿಣದ ಕಾಲು) ಇಟ್ಟ ಮೇಲೆಯೇ ಕೆಳಗೆ ಹೋಗಿ. ಬೇರೆ ಯಾವ ಉಪಕರಣಕ್ಕಿಂತ ಮೊದಲು ಕೊಳ್ಳಬೇಕಾದದ್ದು ಇದು.

ಬಿಸಿಯೇ ದೊಡ್ಡ ಶತ್ರು

800ರ ಎಂಜಿನ್ ಪುಟ್ಟದು, 796 ಸಿಸಿ, ಮೂರು ಸಿಲಿಂಡರ್. ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಅಲ್ಯುಮಿನಿಯಂನದು. ಒಮ್ಮೆ ಜಾಸ್ತಿ ಬಿಸಿಯಾದರೆ ಹೆಡ್ ಬಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ತೆಳು ಹಾಳೆ) ಹೋಗುತ್ತದೆ. ಆಮೇಲಿನ ಖರ್ಚು ದೊಡ್ಡದು. ಹಾಗಾಗಿ ಸಮಯ ಕಮ್ಮಿಯಿದ್ದರೆ ಉಳಿದೆಲ್ಲ ಬಿಟ್ಟು ಕೂಲಿಂಗ್ ಕಡೆ ನೋಡಿ ಎಂದೇ ನಾನು ಹೇಳುತ್ತೇನೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ಮುಟ್ಟಲೇಬೇಡಿ. ಒಳಗೆ ಕಂದು ನೀರು ಕಂಡರೆ ತುಕ್ಕು ಹಿಡಿದಿದೆ ಎಂದರ್ಥ. ನಮ್ಮಲ್ಲಿ ಅನೇಕರು ಬೋರ್‌ವೆಲ್ ನೀರು ಸುರಿಯುತ್ತಾರೆ. ಕೋಲಾರ, ಬೆಂಗಳೂರು ಕಡೆಯ ಗಡಸು ನೀರು ಬಕೆಟ್ ಮೇಲೆ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಿ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಆಗುತ್ತದೆ. ಹಳೆ ನೀರನ್ನು ಬಸಿದು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ಆಮೇಲೆ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ತುಂಬಿ. ಬಸಿದ ಕೂಲೆಂಟ್ ಅಂಗಳದಲ್ಲಿ ಚೆಲ್ಲಬೇಡಿ. ಅದು ವಿಷ, ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ.

ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ಕಿತ್ತು ಹಾಕುವುದು ಹಲವು ಗ್ಯಾರೇಜುಗಳ ಅಭ್ಯಾಸ. ಇದು ತಪ್ಪು. ಅದಿಲ್ಲದಿದ್ದರೆ ಎಂಜಿನ್ ಬೇಗ ಕಾಯುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಅನುಮಾನವಿದ್ದರೆ ಬಿಚ್ಚಿ, ಹಳೆ ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವ ಮುಂಚೆಯೇ ಅದರ ಬಾಯಿ ತೆರೆಯಬೇಕು, ತಣಿದಾಗ ಮುಚ್ಚಬೇಕು. ತೆರೆಯದಿದ್ದರೆ ಹೊಸದು ಹಾಕಿ. ಹಾಗೆಯೇ ಗಾಡಿ ನಿಂತಲ್ಲೇ ಓಡಲು ಬಿಟ್ಟು ಫ್ಯಾನ್ ತಾನಾಗಿ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಫ್ಯೂಸ್, ಸ್ವಿಚ್, ಮೋಟರ್ ಈ ಕ್ರಮದಲ್ಲಿ ಪರೀಕ್ಷಿಸಿ. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ನೊರೆ, ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಕೂಲೆಂಟ್ ಸುಮ್ನೆ ಕಡಿಮೆಯಾಗುವುದು ಒಟ್ಟಿಗೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆ ಕೆಲಸವನ್ನೂ ಟೈಮಿಂಗ್ ಬೆಲ್ಟನ್ನೂ ಕೈಪಳಗಿದ ಮೆಕ್ಯಾನಿಕ್‌ಗೇ ಬಿಡಿ. ಬೆಲ್ಟ್ ಯಾವಾಗ ಹಾಕಿದ್ದು ಎಂದು ಗೊತ್ತಿಲ್ಲದಿದ್ದರೆ ಈಗಲೇ ಬದಲಿಸುವುದು ಒಳ್ಳೆಯದು.

ಪೆಟ್ರೋಲ್ ಹೋಸ್

ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಹಳೆ ಗಾಡಿಗಳ ರಬ್ಬರನ್ನು ಅದಕ್ಕೆಂದು ಮಾಡಿರಲಿಲ್ಲ. ಹೋಸ್ ಬಗ್ಗಿಸಿ ನೋಡಿ. ಬಿರುಕು, ಊತ, ಅಂಟಂಟು ಕಂಡರೆ ಎಥನಾಲ್ ತಾಳುವ ಫ್ಯೂಯಲ್ ಹೋಸ್ ಕೇಳಿ ತನ್ನಿ. ಕ್ಲಿಪ್‌ಗಳನ್ನೂ ಬದಲಿಸಿ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಸುತ್ತಮುತ್ತ ಬೆಂಕಿ, ಬೀಡಿ ಏನೂ ಇರಬಾರದು.

ವೈರಿಂಗ್: ಊಹೆ ಬೇಡ, ಅಳೆಯಿರಿ

ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಮೊದಲು ಬ್ಯಾಟರಿ ಬದಲಿಸುತ್ತಾರೆ. ಎಷ್ಟೋ ಸಲ ದೋಷ ಇರುವುದು ಅರ್ಥ್ ತಂತಿಯಲ್ಲಿ, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಎಂಜಿನ್‌ಗೂ ಹೋಗುವ ತಂತಿಯಲ್ಲಿ. ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿ ನಿಂತ ಗಾಡಿಯಲ್ಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಇದಕ್ಕಿಂತ ಕಡಿಮೆಯಿದ್ದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಅದರ ಬೆಲ್ಟಿನ ಬಿಗಿ ನೋಡಿ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿ.

ಬ್ರೇಕ್ ಆಯಿಲ್

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದರೆ ಘಾಟ್ ಇಳಿಯುವಾಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಹಾಗಾದರೆ ಏನು ಗತಿ ಯೋಚಿಸಿ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯುತ್ತಾರೆ, ಇನ್ನೊಬ್ಬರು ಚಕ್ರದ ಬಳಿಯ ಬ್ಲೀಡರ್ (ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲಿಸಿ, ಆಯಿಲ್ ಬಂದ ಮೇಲೆ ಮುಚ್ಚುತ್ತಾರೆ. ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ, ಗಾಳಿ ಸೇರುತ್ತದೆ. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ. ಡಬ್ಬಿಯಲ್ಲಿ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್ (ಬ್ರೇಕ್ ಶೂಗಳನ್ನು ತಳ್ಳುವ ಭಾಗ) ನೋಡಿ.

ಮಳೆಗಾಲಕ್ಕೆ ಮೊದಲು

ಕರಾವಳಿ, ಮಲೆನಾಡಿನಲ್ಲಿ ಎಂಜಿನ್‌ಗಿಂತ ಮೊದಲು ಬಾಡಿ ಸಾಯುತ್ತದೆ. ಬಾಗಿಲಿನ ಕೆಳ ಅಂಚಿನ ನೀರು ಹರಿಯುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿ. ಮ್ಯಾಟ್ ಎತ್ತಿ ನೆಲ ಒದ್ದೆಯೇ ನೋಡಿ. ತುಕ್ಕು ಕಂಡರೆ ಹೊಳೆಯುವ ಲೋಹ ಬರುವವರೆಗೆ ಉಜ್ಜಿ, ಪ್ರೈಮರ್, ಆಮೇಲೆ ಬಣ್ಣ. ತುಕ್ಕಿನ ಮೇಲೆಯೇ ಅಂಡರ್‌ಕೋಟ್ ಬಳಿದರೆ ಒಳಗೊಳಗೇ ತಿನ್ನುತ್ತದೆ.

ಬಿಡಿಭಾಗಕ್ಕೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಹೋಗುವಾಗ ಹಳೆ ಭಾಗವನ್ನು ತೊಳೆದು ಕೈಯಲ್ಲೇ ಒಯ್ಯಿರಿ, ಕಾರ್ಬುರೇಟರ್ ಮಾದರಿಯೋ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಮಾದರಿಯೋ ಹೇಳಿ. 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು (ನೋಂದಣಿ ಪತ್ರ) ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಆ ತಾರೀಖನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಾಡಿಯನ್ನು ತಪಾಸಣೆಗೆ ಒಯ್ಯುವ ಮೊದಲು ಹೆಡ್‌ಲೈಟ್, ಹಾರ್ನ್, ವೈಪರ್, ಹ್ಯಾಂಡ್‌ಬ್ರೇಕ್ ಸರಿಮಾಡಿಸಿ, ಹೊಗೆ ಪರೀಕ್ಷೆ ಮತ್ತು ವಿಮೆಯ ಕಾಗದ ಜೊತೆಗಿಟ್ಟುಕೊಳ್ಳಿ.