ಇಸ್ರೇಲಿನ ಕೋಷರ್ ವೈನರಿಗೆ ಹೋಗುವ ಮುನ್ನ

ಯಹೂದಿ ಧರ್ಮದ ಆಹಾರ ನಿಯಮಗಳಿಗೆ ಒಪ್ಪುವಂಥದ್ದೇ ‘ಕೋಷರ್’; ವೈನ್ ತಯಾರಿಸುವ ಜಾಗವೂ ಆ ನಿಯಮಗಳಂತೆಯೇ ನಡೆಯುತ್ತದೆ. ಮೊದಲು ಕ್ಯಾಲೆಂಡರ್ ನೋಡಿ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕಿದರೆ ಶಬ್ಬತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಯಹೂದಿಗಳ ವಿಶ್ರಾಂತಿ ದಿನ) ಕಳೆದು ಭಾನುವಾರವೇ ಮತ್ತೆ ತೆರೆಯುವುದು. ಬಸ್ಸು, ರೈಲೂ ಬಹುಪಾಲು ನಿಂತಿರುತ್ತವೆ. ಕೊಯ್ಲು ನೋಡಬೇಕಿದ್ದರೆ ಆಗಸ್ಟ್ ವಾಸಿ. ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಕೊಯ್ಲು ಇರುತ್ತದೆ, ಆದರೆ ರೋಶ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್ ಎಂಬ ಯಹೂದಿ ಹಬ್ಬಗಳು ಬೆನ್ನುಬೆನ್ನಿಗೆ ಬಂದು ಬೀಗ ಬಿದ್ದಿರುತ್ತದೆ. ಹಣ್ಣು ತಂಪಾಗಿರಲೆಂದು ಅನೇಕರು ರಾತ್ರಿಯೇ ಕೊಯ್ಯುತ್ತಾರೆ, ಹಾಗಾಗಿ ಬೆಳಗಿನ ಹೊತ್ತನ್ನೇ ಬುಕ್ ಮಾಡಿ. ನೆಲಮಾಳಿಗೆಯ ಪೀಪಾಯಿಗಳನ್ನೂ ತೋರಿಸುತ್ತಾರೆಯೇ ಎಂದು ಆಗಲೇ ಕೇಳಿಬಿಡಿ. ಬರೀ ರುಚಿ ನೋಡಿಸಿ ಕಳಿಸುವವರೂ ಇದ್ದಾರೆ.

ಒಳಗೆ ಹೋದ ಮೇಲೆ ಕೈ ಹಿಡಿತದಲ್ಲಿರಲಿ. ದ್ರಾಕ್ಷಿ ಹಿಂಡುವುದರಿಂದ ಹಿಡಿದು ಬಾಟಲಿಗೆ ಬಿರಡೆ ಬೀಳುವವರೆಗೆ ಶಬ್ಬತ್ ಪಾಲಿಸುವ ಯಹೂದಿಗಳು ಮಾತ್ರ ವೈನ್ ಮುಟ್ಟಬೇಕೆಂಬುದು ಇಲ್ಲಿನ ಕಟ್ಟುಪಾಡು. ನಲ್ಲಿ, ಪೈಪು, ಟ್ಯಾಂಕಿನ ಮುಚ್ಚಳ ಯಾವುದನ್ನೂ ಮುಟ್ಟಬೇಡಿ. ವೈನ್ ಮೇಕರ್ ಸ್ವತಃ ಶಬ್ಬತ್ ಪಾಲಿಸದವರಾದರೆ ಅವರೂ ಕೈಕಟ್ಟಿ ನಿಂತಿರುತ್ತಾರೆ; ಪೀಪಾಯಿಯಿಂದ ಸ್ಯಾಂಪಲ್ ತೆಗೆದು ಗ್ಲಾಸಿಗೆ ಹಾಕಿಕೊಡುವವರು ಬೇರೆ.

ಪ್ರವಾಸಿಗರು ಹೆಚ್ಚಾಗಿ ಎಡವುವುದು ರುಚಿ ನೋಡುವ ಮೇಜಿನಲ್ಲಿ. ತೆರೆದ ಬಾಟಲಿಯನ್ನು ಲೇಬಲ್ ಓದಲೆಂದೋ, ಪಕ್ಕದವರಿಗೆ ಬಗ್ಗಿಸಲೆಂದೋ ಎತ್ತಿಕೊಂಡರೆ ಆ ವೈನನ್ನು ಕೋಷರ್ ಪಾಲಿಸುವ ಅತಿಥಿಗಳಿಗೆ ಕೊಡುವಂತಿಲ್ಲ. ಓದಬೇಕಿದ್ದರೆ ಸೀಲ್ ಇರುವ ಬಾಟಲಿ ಕೇಳಿ. ನಿಮ್ಮ ಗ್ಲಾಸಿಗೆ ಬಿದ್ದದ್ದಕ್ಕೆ ಯಾವ ತಕರಾರೂ ಇಲ್ಲ. ‘ಮೆವುಶಾಲ್’ ಎಂದು ಬರೆದ ವೈನಿಗೂ ಈ ಮುಟ್ಟುವ ನಿಯಮವಿಲ್ಲ: ಅದನ್ನು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕೆಲವು ಸೆಕೆಂಡು ಕಾಯಿಸಿ ಒಡನೆಯೇ ತಣಿಸಿರುತ್ತಾರೆ. ತಾಜಾ ಕುಡಿಯುವ ಬಿಳಿ ವೈನಿನಲ್ಲಿ ಕಾಯಿಸಿದ್ದರಿಂದಾದ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ವರ್ಷಗಟ್ಟಲೆ ಇಡುವ ಕೆಂಪು ವೈನಾದರೆ ಕಾಯಿಸದ್ದನ್ನೇ ಆರಿಸಿ.

ತೋಟದಲ್ಲಿ ಬಳ್ಳಿಯ ವಯಸ್ಸು ಕೇಳಿ. ನೆಟ್ಟ ಮೊದಲ ಮೂರು ವರ್ಷದ ಹಣ್ಣನ್ನು ಬಳಸುವುದಿಲ್ಲ. ಏಳು ವರ್ಷಕ್ಕೊಮ್ಮೆ ಭೂಮಿಗೆ ಬಿಡುವು ಕೊಡುವ ‘ಶ್ಮಿಟಾ’ ಬರುತ್ತದೆ. ಹಿಂದಿನದು 2021–22, ಮುಂದಿನದು 2028–29. ತಯಾರಾದ ವೈನಿನಲ್ಲಿ ಶೇ. 1ಕ್ಕಿಂತ ತುಸು ಹೆಚ್ಚನ್ನು ಧರ್ಮದ ನಿಯಮದಂತೆ ಚೆಲ್ಲಿಬಿಡುತ್ತಾರೆ.

ಹೊರಗಿನ ತಿಂಡಿ ಒಯ್ಯಬೇಡಿ. ಕೋಷರ್ ನಿಯಮದಲ್ಲಿ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಬೆರೆಸುವಂತಿಲ್ಲ. ಚೀಸ್ ಬಡಿಸುವ ಅಡುಗೆಮನೆಗೆ ಮಾಂಸದ ಸ್ಯಾಂಡ್‌ವಿಚ್ ಬಂದರೆ ರಂಪವೇ ಆಗುತ್ತದೆ.

ತಲಾ 40 ಮಿಲಿಯಂತೆ ಐದು ಬಗೆ ಕುಡಿದರೆ 200 ಮಿಲಿ ಆಯಿತು. ಚಾಲಕರಿಗೆ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇ. 0.05, ಹೊಸಬರಿಗೆ ಇನ್ನೂ ಕಡಿಮೆ. ಗಾಡಿ ಓಡಿಸುವವರು ಬಾಯಲ್ಲಾಡಿಸಿ ಪಾತ್ರೆಗೆ ಉಗುಳಬೇಕು. ಅಲ್ಲಿ ಅದು ಅಸಭ್ಯವಲ್ಲ. ಕೊಂಡ ಬಾಟಲಿಗಳನ್ನು ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ: ಬೇಸಿಗೆಯ ಬಿಸಿಗೆ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಸೋರುತ್ತದೆ.